ಬೆಳ್ಳಿ ರೂಪಾಯಿಗೆ ಹಸಿರು ಬಂದದ್ದು ಎಲ್ಲಿಂದ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಬಳಿ. ಅಜ್ಜಿ ಪ್ರತಿ ವರ್ಷ ಬಿಸು (ಸೌರ ಯುಗಾದಿ) ಹಬ್ಬದ ಕಣಿಗೆ ಇಡುತ್ತಿದ್ದ ಹದಿನಾಲ್ಕು ಹಳೆಯ ನಾಣ್ಯಗಳು ನನ್ನ ಪಾಲಿಗೆ ಬಂದಿವೆ. ಅವುಗಳಲ್ಲಿ 1862, 1907, 1911ರ ಬೆಳ್ಳಿ ರೂಪಾಯಿಗಳಿವೆ, 1939 ಎಂದು ಕಾಣುವ ಒಂದು ರೂಪಾಯಿ ಇದೆ. ಎರಡು ಒಟ್ಟೆ ಮುಕ್ಕಾಲು (ನಡುವೆ ತೂತಿರುವ ಕಾಸು), ಕೊಂಡಿ ಬೆಸೆದ ಒಂದು ಚಿನ್ನದ ಪವನು, ರಾಮ ಸೀತೆಯರ ಚಿತ್ರವಿರುವ 1818ರ ತಾಮ್ರದ ನಾಣ್ಯವೂ ಇವೆ. ಮೊಬೈಲಿನಲ್ಲಿ ಫೋಟೊ ತೆಗೆದು ಇಬ್ಬರು ವ್ಯಾಪಾರಿಗಳಿಗೆ ಕಳುಹಿಸಿದೆ. ಒಬ್ಬರು ‘ಕಿಲುಬು ಹಿಡಿದಿದೆ’ ಎಂದರು, ಇನ್ನೊಬ್ಬರು ‘ಪಾಲಿಶ್ ಮಾಡಿದ್ದು’ ಎಂದರು. ಎರಡೂ ನಿಜವಲ್ಲ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ? ಫೋಟೊ ನೋಡಿ ಕೊಡುವ ಗ್ರೇಡನ್ನು ನಂಬಬಹುದೇ? ಮಾರುವ ಮೊದಲು ಹುಣಸೆಹುಳಿಯಲ್ಲಿ ಒಮ್ಮೆ ತೊಳೆಯಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇದನ್ನು ಓದಿ ಮುಗಿಸುವಷ್ಟರಲ್ಲಿ ನೀವು ಹುಣಸೆಹುಳಿ ನೆನೆಹಾಕಿಬಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ತೊಳೆಯಬೇಡಿ. ಕಾಲುದೀಪಕ್ಕೆ, ಹರಿವಾಣಕ್ಕೆ ಹುಣಸೆಹುಳಿ ಬೂದಿ ಹಾಕಿ ತಿಕ್ಕುವುದು ನಮ್ಮ ಕಡೆಯ ಕೈಗಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಹಬ್ಬದ ಹಿಂದಿನ ದಿನ ಕಣ್ಣಿಗೆ ಬಿದ್ದ ಲೋಹವನ್ನೆಲ್ಲ ನಾವು ತಿಕ್ಕುತ್ತೇವೆ. ನಾಣ್ಯದ ವಿಷಯದಲ್ಲಿ ಮಾತ್ರ ಅದು ಮತ್ತೆ ಸರಿಪಡಿಸಲಾಗದ ತಪ್ಪು. ಹುಳಿ ಮೇಲ್ಪದರವನ್ನು ತಿನ್ನುತ್ತದೆ, ಬೂದಿ ಗೀರುತ್ತದೆ. ನೂರು ವರ್ಷ ಕೂತು ಬಂದ ಕಪ್ಪು ಛಾಯೆ ಕೊಳೆಯಲ್ಲ, ನಾಣ್ಯವನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ನಾಣ್ಯದ ಸ್ಥಿತಿಯನ್ನು ಪರೀಕ್ಷಿಸಿ ಅಂಕೆ ಕೊಡುವ ಗ್ರೇಡಿಂಗ್ ಸಂಸ್ಥೆಗಳು ತೊಳೆದ ನಾಣ್ಯಕ್ಕೆ ಅಂಕೆಯನ್ನೇ ಕೊಡದೆ ‘ಡೀಟೇಲ್ಸ್’ ಎಂದು ಬರೆದು ಬದಿಗೆ ಸರಿಸುತ್ತವೆ. ಕಣಿಯ ಕುಂಕುಮ ಅಕ್ಷರಗಳ ಸಂದಿಯಲ್ಲಿ ಉಳಿದಿದ್ದರೆ ಉಳಿಯಲಿ. ಮನಸ್ಸು ಕೇಳದಿದ್ದರೆ ಶುದ್ಧೀಕರಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮೆತ್ತನೆಯ ಬಟ್ಟೆಯನ್ನು ಮೇಲಿಂದ ಒತ್ತಿ ನೀರು ಹೀರಿಸಿ. ಉಜ್ಜುವಂತಿಲ್ಲ.

ಈಗ ಹಸಿರಿನ ಕಥೆ. ನೀವು ಕಳುಹಿಸಿದ 1862ರ ರೂಪಾಯಿಯ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕಿಲುಬಾದರೆ ಅದು ಅಕ್ಷರಗಳ ಬುಡದಲ್ಲಿ, ಕಿರೀಟದ ಸಂದಿಯಲ್ಲಿ ಮೊದಲು ಕೂರುತ್ತದೆ. ನಿಮ್ಮ ಫೋಟೊದಲ್ಲಿ ರಾಣಿಯ ಕೆನ್ನೆಯೂ ಹಸಿರು, ಚಿತ್ರ ಅಕ್ಷರಗಳಿಲ್ಲದ ಬಯಲು ಭಾಗವೂ ಹಸಿರು, ಕೆಳಗೆ ಹಾಸಿದ ಬಿಳಿ ಕಾಗದವೂ ಬಲಬದಿಯಲ್ಲಿ ನಸುಹಸಿರು. ಕಾಗದಕ್ಕೆ ಕಿಲುಬು ಹಿಡಿಯುವುದಿಲ್ಲವಲ್ಲ! ಫೋಟೊ ತೆಗೆದದ್ದು ಜಗಲಿಯಲ್ಲಿ, ಎದುರಿಗೆ ಅಡಿಕೆ ತೋಟ, ಹೌದೇ? ಸೋಗೆಗಳ ನಡುವೆ ಇಳಿದು ಬರುವ ಬೆಳಕು ನಮ್ಮ ಕಣ್ಣಿಗೆ ತಂಪು, ಬೆಳ್ಳಿಗೆ ಬರೀ ಹಸಿರು. ನಾಣ್ಯ ಅರ್ಧ ಕನ್ನಡಿ ಇದ್ದ ಹಾಗೆ, ಎದುರಿಗೆ ಏನಿದೆಯೋ ಅದರ ಬಣ್ಣವನ್ನು ಹೊದ್ದುಕೊಳ್ಳುತ್ತದೆ. ಕೆಂಪು ಸಿಮೆಂಟಿನ ನೆಲದ ಮೇಲೆ ಕುಳಿತು ತೆಗೆದರೆ ಬೆಳ್ಳಿಯೂ ತಾಮ್ರದ ಹಾಗೆ ಕಾಣುತ್ತದೆ. ನೀವು ಹಾಕಿಕೊಂಡ ಅಂಗಿಯ ಬಣ್ಣವೂ ಬರುತ್ತದೆ. ನಾನು ಫೋಟೊ ತೆಗೆಯುವ ದಿನ ಬಿಳಿ ಮುಂಡು, ಬೂದುಬಣ್ಣದ ಬನಿಯನ್. ನೋಡಿದವರಿಗೆ ನಗು ಬರಬಹುದು, ನಾಣ್ಯಕ್ಕೆ ಬಣ್ಣ ಬರುವುದಿಲ್ಲ.

‘ಪಾಲಿಶ್ ಮಾಡಿದ್ದು’ ಎಂದ ಎರಡನೆಯ ವ್ಯಾಪಾರಿಯೂ ಸುಳ್ಳು ಹೇಳಿಲ್ಲ, ಅವರು ಕಂಡದ್ದನ್ನೇ ಹೇಳಿದ್ದಾರೆ. ಅವರು ನೋಡಿದ್ದು ರಾತ್ರಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊ. ಫ್ಲ್ಯಾಶಿನ ಬೆಳಕು ಬಯಲು ಭಾಗಕ್ಕೆ ಬಡಿದು ನೇರ ಲೆನ್ಸಿಗೇ ಮರಳಿದೆ, ಬೆಳ್ಳಿ ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ಸಾಲದೆಂಬಂತೆ ಮೊಬೈಲು ತಾನೇ ಚಿತ್ರವನ್ನು ‘ಸುಂದರ’ಗೊಳಿಸಿದೆ. ಮನುಷ್ಯರ ಮುಖದ ಮೊಡವೆ ಅಳಿಸುವುದಕ್ಕೆಂದು ಬರೆದ ತಂತ್ರಾಂಶಕ್ಕೆ ರಾಣಿ ವಿಕ್ಟೋರಿಯಾಳ ಕೆನ್ನೆಯೂ ಕೆನ್ನೆಯೇ. ಸವೆತದ ಗೆರೆಗಳನ್ನು ಅದು ನಯವಾಗಿ ಒರೆಸಿಹಾಕಿದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಬ್ಯೂಟಿ, ಎಐ, ಸೀನ್ ಆಪ್ಟಿಮೈಸರ್, ಎಚ್‌ಡಿಆರ್ ಎಂದು ಏನೇನಿದೆಯೋ ಎಲ್ಲವನ್ನೂ ಆಫ್ ಮಾಡಿ. ಫಿಲ್ಟರ್ ಹೆಸರೆತ್ತಬೇಡಿ.

ಹೊಸ ಕ್ಯಾಮೆರಾ ಬೇಡ. ಹದಿನಾಲ್ಕು ನಾಣ್ಯಗಳಿಗೆ ಕ್ಯಾಮೆರಾ ಕೊಳ್ಳುವುದೆಂದರೆ ಒಂದು ಗೊನೆ ಇಳಿಸಲು ಕ್ರೇನ್ ತರಿಸಿದ ಹಾಗೆ. ನಾಣ್ಯ ಚಿತ್ರದ ಎತ್ತರದ ಅರ್ಧದಷ್ಟು ಜಾಗ ತುಂಬಿದರೂ 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ಅದರ ಅಡ್ಡಳತೆ ಸುಮಾರು 1500 ಪಿಕ್ಸೆಲ್ ಬರುತ್ತದೆ. ವ್ಯಾಪಾರಿಗೆ ಅಷ್ಟು ಸಾಕು. ಮುಂದೆ ಈ ಹುಚ್ಚು ಹಿಡಿದು ನೂರಾರು ನಾಣ್ಯ ಸೇರಿದರೆ ಚಿಕ್ಕ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸಿನ ಮಾತನಾಡೋಣ. ಸದ್ಯಕ್ಕೆ ಬೇಕಾದದ್ದು ಅಲುಗಾಡದ ಮೊಬೈಲು ಮತ್ತು ಹೇಳಿದಂತೆ ಕೇಳುವ ಬೆಳಕು.

ಅಲುಗಾಡದಿರಲು ಎರಡು ಸಮ ಎತ್ತರದ ಪುಸ್ತಕದ ಅಟ್ಟಿಗಳ ಮೇಲೆ ಒಂದು ಗಾಜು ಇಟ್ಟು, ಮೊಬೈಲಿನ ಲೆನ್ಸು ಗಾಜಿನ ಅಂಚಿನಿಂದ ಹೊರಗೆ ಚಾಚುವಂತೆ ಮಲಗಿಸಿ. ನಾಣ್ಯಕ್ಕೂ ಲೆನ್ಸಿಗೂ ನಡುವೆ ಒಂದು ಗೇಣಿನಷ್ಟು ಅಂತರ ಬೇಕು. ಎಲ್ಲರೂ ಮಾಡುವ ತಪ್ಪು ಇಲ್ಲೇ: ದೊಡ್ಡದಾಗಿ ಬರಲಿ ಎಂದು ಮೊಬೈಲನ್ನು ನಾಣ್ಯದ ಮೂಗಿಗೇ ಒಯ್ಯುತ್ತಾರೆ. ಆಗ ಹಲವು ಮೊಬೈಲುಗಳು ಸದ್ದಿಲ್ಲದೆ ಅಗಲದ ಲೆನ್ಸಿಗೆ ಬದಲಾಗುತ್ತವೆ, ನಾಣ್ಯದ ಅಂಚು ಬಾಗುತ್ತದೆ, ಮೊಬೈಲಿನ ನೆರಳೂ ಅದರ ಮೇಲೆಯೇ ಬೀಳುತ್ತದೆ. ದೂರ ಸರಿದು ಎರಡು ಪಟ್ಟು ಜೂಮ್ ಇಟ್ಟುಕೊಳ್ಳಿ. ಬೆರಳಿನಿಂದ ಒತ್ತಿದರೆ ಅಲುಗುತ್ತದೆ, ಆದ್ದರಿಂದ 2 ಅಥವಾ 3 ಸೆಕೆಂಡಿನ ಟೈಮರ್ ಹಾಕಿ.

ಮೊಬೈಲು ನಾಣ್ಯಕ್ಕೆ ಸರಿಯಾಗಿ ಮೇಲಿದೆಯೇ ಎಂದು ತಿಳಿಯಲು ನಾನು ಬಳಸುವ ಉಪಾಯ ಒಂದು ಸಣ್ಣ ಕನ್ನಡಿ. ನಾಣ್ಯ ಇಡುವ ಜಾಗದಲ್ಲಿ ಅದನ್ನು ಮಲಗಿಸಿ ಮೊಬೈಲಿನ ಪರದೆ ನೋಡಿ. ಲೆನ್ಸಿನ ಪ್ರತಿಬಿಂಬ ಪರದೆಯ ನಟ್ಟನಡುವೆ ಕಂಡರೆ ಎರಡೂ ಸಮಾಂತರವಾಗಿವೆ. ಪಕ್ಕಕ್ಕೆ ಸರಿದಿದ್ದರೆ ಪುಸ್ತಕದ ಒಂದು ಅಟ್ಟಿಗೆ ಮಡಚಿದ ಕಾಗದ ಸಿಕ್ಕಿಸಿ. ಇದನ್ನು ಮಾಡದೆ ತೆಗೆದ ಫೋಟೊದಲ್ಲಿ ರೂಪಾಯಿ ಮೊಟ್ಟೆಯಾಕಾರವಾಗಿ, ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕಾಗಿ ಬರುತ್ತದೆ.

ಬೆಳಕಿಗೆ ಬರೋಣ. ಕಾಸರಗೋಡಿನ ಮಳೆಗಾಲದಲ್ಲಿ ಸೂರ್ಯನನ್ನು ನೆಚ್ಚಿ ಕುಳಿತರೆ ಆಟಿ ತಿಂಗಳು ಕಳೆದು ಸೋಣ ತಿಂಗಳು ಬರಬೇಕಾದೀತು. ಎರಡು ಎಲ್‌ಇಡಿ ಓದುದೀಪ ತನ್ನಿ, ಎರಡೂ ಒಂದೇ ಕಂಪನಿಯ ಒಂದೇ ಬಣ್ಣದವು. ಡಬ್ಬಿಯ ಮೇಲೆ ಸಿಆರ್‌ಐ 90ಕ್ಕಿಂತ ಹೆಚ್ಚು ಎಂದಿದ್ದರೆ ಒಳ್ಳೆಯದು, ಅದು ಬಣ್ಣದ ಪ್ರಾಮಾಣಿಕತೆಯ ಅಳತೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಮುಚ್ಚಿ. ಎರಡು ಬಗೆಯ ಬೆಳಕು ಬೆರೆತರೆ ಬಣ್ಣ ಹದಗೆಡುತ್ತದೆ. ನಾಣ್ಯವನ್ನು ಗಡಿಯಾರದ ಮುಖವೆಂದುಕೊಂಡರೆ ಒಂದು ದೀಪ ಹತ್ತು ಗಂಟೆಯ ಕಡೆ, ಇನ್ನೊಂದು ಎರಡು ಗಂಟೆಯ ಕಡೆ, ಎರಡೂ ಸಾಕಷ್ಟು ಎತ್ತರದಿಂದ. ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡಿದರೆ ಹೆದರಬೇಡಿ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಅದಕ್ಕೆ ತಕ್ಕಂತೆ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕ್ಯಾಮೆರಾದ ಪ್ರೊ ಮೋಡಿನಲ್ಲಿ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂಬುದನ್ನು ಹೇಳುವ ಐಎಸ್‌ಒ 100 ಇರಲಿ. ಬಣ್ಣದ ಸಮತೋಲನವನ್ನು ನಾಣ್ಯದ ಬದಲು ಬೂದುಬಣ್ಣದ ಹಾಳೆಯನ್ನು ನೋಡಿ ಹೊಂದಿಸಿ, ಹದಿನಾಲ್ಕೂ ಮುಗಿಯುವ ತನಕ ಬದಲಿಸಬೇಡಿ.

ದೀಪವನ್ನು ಎಷ್ಟು ಎತ್ತರದಲ್ಲಿ ಇಡಬೇಕೆಂಬುದರಲ್ಲಿ ಅರ್ಧ ವಿದ್ಯೆ ಅಡಗಿದೆ. 1907ರ ಎಡ್ವರ್ಡ್ ರೂಪಾಯಿಯನ್ನು ಇಟ್ಟುಕೊಂಡು ಒಂದೇ ದೀಪದಲ್ಲಿ ಪ್ರಯೋಗ ಮಾಡಿ. ದೀಪವನ್ನು ನೆಲದ ಮಟ್ಟಕ್ಕೆ ಇಳಿಸಿ: ರಾಜನ ಗಡ್ಡದ ಒಂದೊಂದು ಎಳೆಯೂ ಎದ್ದು ನಿಲ್ಲುತ್ತದೆ, ಜೊತೆಗೆ ಬಯಲಿನ ಗೀರುಗಳೆಲ್ಲ ಕತ್ತಿಯಿಂದ ಕೊರೆದಂತೆ ಕಾಣುತ್ತವೆ. ಮೆಲ್ಲಗೆ ಮೇಲೆತ್ತಿ: ಗೀರುಗಳು ಒಂದೊಂದಾಗಿ ಕರಗುತ್ತವೆ, ಬೆಳ್ಳಿಯ ಮೈ ಬಣ್ಣ ಮೇಲೆ ಬರುತ್ತದೆ. ಇನ್ನೂ ಎತ್ತಿ ಲೆನ್ಸಿನ ಪಕ್ಕಕ್ಕೇ ತಂದರೆ ನಾಣ್ಯ ಬೆಳಗುತ್ತದೆ, ಗಡ್ಡ ಮಾಯವಾಗುತ್ತದೆ. ಅದೇ ನಾಣ್ಯ, ಅದೇ ದೀಪ, ಮೂರು ಗ್ರೇಡು. ನನ್ನ ಲೆಕ್ಕದಲ್ಲಿ ಸವೆದ ನಾಣ್ಯಕ್ಕೆ ಸ್ವಲ್ಪ ಕೆಳಗಿನ ಬೆಳಕು, ಟಂಕಸಾಲೆಯ ಹೊಳಪು ಉಳಿದ ನಾಣ್ಯಕ್ಕೆ ಎತ್ತರದ ಬೆಳಕು.

ಈ ಆಟದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ವರ್ಷಗಳ ಹಿಂದೆ ಒಂದು ಐದನೆಯ ಜಾರ್ಜ್ ರೂಪಾಯಿಯನ್ನು ಎಷ್ಟು ಚೆಂದದ ಬೆಳಕಿನಲ್ಲಿ ತೆಗೆದೆನೆಂದರೆ ಕಿವಿಯಿಂದ ಕುತ್ತಿಗೆಗೆ ಇಳಿದಿದ್ದ ಗೀರು ನನಗೇ ಕಾಣಿಸಲಿಲ್ಲ. ಪುಣೆಯ ಕಡೆಯ ಸಂಗ್ರಾಹಕರು ಕೊಂಡರು. ಎಂಟನೆಯ ದಿನ ನಾಣ್ಯ ಮರಳಿ ಬಂತು, ಜೊತೆಗೆ ಕೆಳಮಟ್ಟದ ಬೆಳಕಿನಲ್ಲಿ ಅವರೇ ತೆಗೆದ ಒಂದು ಫೋಟೊ. ಬೈಗುಳ ಒಂದೂ ಇರಲಿಲ್ಲ. ಹಣ ಹಿಂದಿರುಗಿಸಿ ಎರಡೂ ಕಡೆಯ ಅಂಚೆ ಖರ್ಚು ಕೊಟ್ಟೆ. ಅಂದಿನಿಂದ ನಾಣ್ಯದ ಅತ್ಯಂತ ಕೆಟ್ಟ ಜಾಗದ್ದು ಒಂದು ಫೋಟೊವನ್ನು ನಾನೇ ಮೊದಲು ಕಳುಹಿಸುತ್ತೇನೆ. ನಿಮ್ಮ ಪವನಿಗೂ ಹಾಗೆಯೇ ಮಾಡಿ. ಕೊಂಡಿ ಬೆಸೆದ ಜಾಗವನ್ನು ಬೆರಳಿನಿಂದ ಮರೆಸದೆ ದೊಡ್ಡದಾಗಿ ತೋರಿಸಿ. ಸರಕ್ಕೆ ಪೋಣಿಸಿದ ಪವನಿಗೆ ಸಂಗ್ರಾಹಕರು ಸಾಮಾನ್ಯವಾಗಿ ಚಿನ್ನದ ಬೆಲೆಯನ್ನಷ್ಟೇ ಕೊಡುತ್ತಾರೆ. 7.98 ಗ್ರಾಂ ತೂಕದ 22 ಕ್ಯಾರಟ್ ಚಿನ್ನಕ್ಕೆ ಅದೇನು ಕಡಿಮೆಯಲ್ಲ. ಕೊಂಡಿ ಕೀಳಿಸಲು ಅಕ್ಕಸಾಲಿಗರ ಬಳಿ ಹೋಗಬೇಡಿ.

ಹೊಳಪು ಉಳಿದ ನಾಣ್ಯ ಒಂದಾದರೂ ನಿಮ್ಮಲ್ಲಿದ್ದರೆ ಇನ್ನೊಂದು ವಿಧಾನ ಹೇಳುತ್ತೇನೆ. ಹಳೆಯ ಫೋಟೊ ಚೌಕಟ್ಟಿನ ಗಾಜನ್ನು ಲೆನ್ಸಿಗೂ ನಾಣ್ಯಕ್ಕೂ ನಡುವೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ದೀಪವನ್ನು ಬದಿಯಿಂದ ಗಾಜಿಗೆ ಹಾಯಿಸಿ, ನೇರ ನಾಣ್ಯಕ್ಕೆ ತಾಗದಂತೆ ಒಂದು ರಟ್ಟು ಅಡ್ಡ ಇಡಿ. ಗಾಜಿನಲ್ಲಿ ಪ್ರತಿಫಲಿಸಿದ ಬೆಳಕು ನೇರ ಕೆಳಗಿಳಿಯುತ್ತದೆ, ಕ್ಯಾಮೆರಾ ಅದೇ ಗಾಜಿನ ಮೂಲಕ ನಾಣ್ಯವನ್ನು ನೋಡುತ್ತದೆ. ಬೆಳ್ಳಿಯ ಮೇಲೆ ಬಂದ ನೀಲಿ, ನೇರಳೆ, ಜೇನುಬಣ್ಣದ ಛಾಯೆಗಳು ಹೀಗೆ ತೆಗೆದಾಗ ಮಾತ್ರ ಪೂರ್ತಿ ಕಾಣುತ್ತವೆ. ಗಾಜಿನ ಮೇಲೆ ಬೆರಳಚ್ಚು ಇರಬಾರದು ಅಷ್ಟೆ.

ನಾಣ್ಯವನ್ನು ನೇರ ಹಾಳೆಯ ಮೇಲಿಡದೆ ಅದಕ್ಕಿಂತ ಕಿರಿದಾದ ಬಾಟಲಿ ಮುಚ್ಚಳದ ಮೇಲೆ ಕೂರಿಸಿ, ಹಿನ್ನೆಲೆ ಮಸುಕಾಗಿ ನೆರಳು ದೂರ ಸರಿಯುತ್ತದೆ. ಹಿಡಿಯುವುದು ಅಂಚಿನಲ್ಲಿ ಮಾತ್ರ, ಒಣಗಿದ ಕೈಯಲ್ಲಿ, ಕೆಳಗೆ ಮಡಚಿದ ಟವೆಲ್ ಹಾಸಿ. ಬೆವರಿನ ಬೆರಳಚ್ಚು ಇಂದು ಕಾಣದಿದ್ದರೂ ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಮುಂದೊಂದು ದಿನ ಕಂದು ಕಲೆಯಾಗಿ ಮೇಲೇಳುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲಗಳಲ್ಲಿಯೂ ಇಡಬೇಡಿ, ಅವು ಬಿಡುವ ಹಸಿರು ಅಂಟು ಮಾತ್ರ ನಿಜವಾದ ಹಸಿರು.

ಎಷ್ಟು ಫೋಟೊ ಎಂದು ಕೇಳಿದರೆ, ಪ್ರತಿ ನಾಣ್ಯಕ್ಕೂ ಎರಡು ಮುಖ, ಅಂಚು, ತಕ್ಕಡಿಯ ಮೇಲಿನ ತೂಕ. ಜೊತೆಗೆ ಆಯಾ ನಾಣ್ಯದ ಗುಟ್ಟು ಎಲ್ಲಿದೆಯೋ ಅಲ್ಲಿಗೆ ಒಂದು ಹತ್ತಿರದ ಫೋಟೊ. ನಿಮ್ಮ ನಾಣ್ಯಗಳಲ್ಲಿ ಆ ಗುಟ್ಟು ಎಲ್ಲೆಲ್ಲಿದೆ ನೋಡೋಣ.

1862ರ ರೂಪಾಯಿ ಅದೇ ವರ್ಷ ಅಚ್ಚಾದದ್ದು ಎಂದು ತಿಳಿಯಬೇಡಿ. ಆಮೇಲಿನ ಹತ್ತು ವರ್ಷಕ್ಕೂ ಮಿಕ್ಕಿ ಅದೇ ಇಸವಿಯನ್ನು ಉಳಿಸಿಕೊಂಡು ರೂಪಾಯಿ ಅಚ್ಚು ಹಾಕುತ್ತಿದ್ದರು. ವ್ಯತ್ಯಾಸ ತಿಳಿಯುವುದು ಹಿಂಬದಿಯ ಚುಕ್ಕಿಗಳಿಂದ: ಇಸವಿಯ ಕೆಳಗೆ ಕೆಲವು, ಬಳ್ಳಿಯ ಒಳಗೆ ‘ಒನ್’ ಪದದ ಮೇಲೆ ಕೆಲವು. ಸಂಗ್ರಾಹಕರು ‘ಮೇಲೆ ಎರಡು, ಕೆಳಗೆ ಮೂರು’ ಎಂದು ಎಣಿಸಿಯೇ ಬೆಲೆ ಮಾತನಾಡುವುದು. ನಿಮ್ಮ ಫ್ಲ್ಯಾಶಿನ ಫೋಟೊದಲ್ಲಿ ಆ ಜಾಗ ಸುಣ್ಣದ ಗೋಡೆ. ಚುಕ್ಕಿ ಸಾಸಿವೆಗಿಂತ ಚಿಕ್ಕದು, ಬೆಳಕನ್ನು ಇಳಿಸಿ ಅದರ ನೆರಳು ಬೀಳುವಂತೆ ತೆಗೆಯಿರಿ.

1911ರದ್ದು ‘ಹಂದಿ ರೂಪಾಯಿ’. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗುಲ್ಲೆದ್ದು, ಅಚ್ಚಾದ ನಾಣ್ಯಗಳನ್ನು ಹಿಂದಕ್ಕೆ ಪಡೆದು 1912ರಲ್ಲಿ ಆನೆಯನ್ನು ತಿದ್ದಿದರು. ಕೊಳ್ಳುವವರು ಮೊದಲು ನೋಡುವುದು ಎದೆಯ ಮೇಲಿನ ಆ ಪ್ರಾಣಿಯನ್ನು, ರಾಜನ ಮುಖವನ್ನಲ್ಲ.

1939 ನಿಜವಾಗಿದ್ದರೆ ಉಳಿದ ಹದಿಮೂರನ್ನೂ ಅದು ಮೀರಿಸುತ್ತದೆ. ಆ ಇಸವಿಯ ರೂಪಾಯಿ ಬಲು ಅಪರೂಪ, ಅದಕ್ಕೇ ಬೇರೆ ವರ್ಷದ ಅಂಕೆಯನ್ನು ತಿದ್ದಿದವು, ಪೂರ್ತಿ ನಕಲಿಗಳು ಧಾರಾಳ. ಫೋಟೊದಿಂದ ಎರಡು ಸಂಗತಿ ಹೇಳಬಹುದು. ಒಂದು, ಕೊನೆಯ ಅಂಕೆಯ ಸುತ್ತ ಲೋಹ ಕೆರೆದ, ತುಂಬಿದ ಗುರುತು. ಇದಕ್ಕೆ ನೆಲಮಟ್ಟದ ಬೆಳಕನ್ನು ನಾಲ್ಕೂ ದಿಕ್ಕಿನಿಂದ ಹಾಯಿಸಿ ನಾಲ್ಕು ಫೋಟೊ ಬೇಕು. ಎರಡು, ಅಂಚು. 1939ರ ತನಕ ರೂಪಾಯಿ 91.7 ಶೇಕಡಾ ಬೆಳ್ಳಿ, ಅಂಚಿನ ತುಂಬ ನೇರ ಗೀರುಗಳು. 1940ರಿಂದ ಬೆಳ್ಳಿ 50 ಶೇಕಡಾಕ್ಕೆ ಇಳಿಯಿತು, ಅಂಚಿನ ನಡುವೆ ಭದ್ರತೆಯ ಕಾಲುವೆ ಬಂತು. ಇಸವಿ 1939 ಎಂದು ಹೇಳಿ ಅಂಚು ಕಾಲುವೆ ತೋರಿಸಿದರೆ ಅಲ್ಲಿಗೆ ಮಾತು ಮುಗಿಯಿತು. ತೂಕ ಎರಡರದ್ದೂ 11.66 ಗ್ರಾಂ, ಆದ್ದರಿಂದ ತಕ್ಕಡಿ ಇಲ್ಲಿ ತೀರ್ಪು ಕೊಡದು.

ರಾಮ ಸೀತೆಯರ 1818ರ ನಾಣ್ಯ ಕಂಪನಿ ಹೊರಡಿಸಿದ್ದಲ್ಲ. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆ ಅದು. ಅಕ್ಕಿಯನ್ನು ಎಳೆಯುತ್ತದೆ, ಇರಿಡಿಯಂ ಇದೆ, ಕೋಟಿ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಜಗಲಿ ಹತ್ತಿಸಬೇಡಿ. ಅದನ್ನು ದೇವರ ಕೋಣೆಯಲ್ಲೇ ಇಡಿ. ಒಟ್ಟೆ ಮುಕ್ಕಾಲು 1943ರಿಂದ ಬಂದದ್ದು, ಲೆಕ್ಕವಿಲ್ಲದಷ್ಟಿವೆ, ಮಕ್ಕಳಿಗೆ ಕೊಡಿ.

ಫೋಟೊ ನೋಡಿ ಕೊಡುವ ಗ್ರೇಡನ್ನು ಅಭಿಪ್ರಾಯವೆಂದು ತೆಗೆದುಕೊಳ್ಳಿ, ತೀರ್ಪೆಂದಲ್ಲ. ಇಂದು ಎಲ್ಲರೂ ಬಳಸುವ 1ರಿಂದ 70ರ ಅಳತೆಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗೆಂದು ರೂಪಿಸಿದ್ದ. 60ರಿಂದ ಮೇಲಿನದು ಚಲಾವಣೆಯ ಸವೆತ ಕಾಣದ ನಾಣ್ಯ. 58ಕ್ಕೂ 62ಕ್ಕೂ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ನಾಣ್ಯವನ್ನು ಕೈಯಲ್ಲಿ ಹಿಡಿದು ದೀಪದಡಿ ತಿರುಗಿಸಬೇಕು. ಟಂಕಸಾಲೆಯ ಹೊಳಪು ಉಳಿದಿದ್ದರೆ ಬೆಳಕು ಗಾಡಿಯ ಚಕ್ರದ ಅರಗಳ ಹಾಗೆ ಸುತ್ತುತ್ತದೆ. ನಿಂತ ಚಿತ್ರದಲ್ಲಿ ಅದು ಬಾರದು. ಆದ್ದರಿಂದ ಒಂದೇ ದೀಪದಡಿ ನಾಣ್ಯವನ್ನು ಮೆಲ್ಲಗೆ ವಾಲಿಸುವ ಹತ್ತು ಸೆಕೆಂಡಿನ ವಿಡಿಯೊವನ್ನೂ ಕಳುಹಿಸಿ.

ಪಿಸಿಜಿಎಸ್, ಎನ್‌ಜಿಸಿಯಂಥ ಅಮೆರಿಕದ ಗ್ರೇಡಿಂಗ್ ಸಂಸ್ಥೆಗಳಿಗೆ ಕಳುಹಿಸುವ ಯೋಚನೆ ಇದ್ದರೆ ಕಾನೂನನ್ನು ಮರೆಯಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ನಿಮ್ಮ 1862, 1907, 1911 ಮೂರೂ ಆ ಗೆರೆ ದಾಟಿವೆ. ದೇಶದೊಳಗೂ ಅಂಥವನ್ನು ವ್ಯಾಪಾರವಾಗಿ ಮಾರುವವರಿಗೆ ಪರವಾನಗಿ ಬೇಕು, ನೀವು ಕೊಡುವ ವ್ಯಾಪಾರಿಯಲ್ಲಿ ಅದಿದೆಯೇ ಕೇಳಿ. ಮಾರುವ ಮೊದಲೇ ‘ನೋಂದಣಿ ಶುಲ್ಕ’, ‘ರಿಸರ್ವ್ ಬ್ಯಾಂಕ್ ಕಮಿಷನ್’ ಎಂದು ಹಣ ಕೇಳುವವರು ವಂಚಕರು. ತಾನು ಅಂಥ ಶುಲ್ಕ ಪಡೆಯುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಪ್ರಕಟಣೆಯನ್ನೇ ಹೊರಡಿಸಿತ್ತು.

ಸದ್ಯಕ್ಕೆ 1939ರ ಅಂಚನ್ನು ಮೊದಲು ತೆಗೆದು ಕಳುಹಿಸಿ. ಎರಡು ಅಳಿಸುವ ರಬ್ಬರುಗಳ ನಡುವೆ ನಾಣ್ಯವನ್ನು ನೆಟ್ಟಗೆ ನಿಲ್ಲಿಸಿದರೆ ಅಂಚು ಚೆನ್ನಾಗಿ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಹಿಂಡಿ ಅರ್ಧ ವಿವರ ಚೆಲ್ಲುತ್ತದೆ, ಡಾಕ್ಯುಮೆಂಟ್ ಎಂದು ಆರಿಸಿ. ಉತ್ತರ ಬರುವ ತನಕ ಆ ನಾಣ್ಯಕ್ಕೆ ಯಾರ ಬಳಿಯೂ ಬೆಲೆ ಮಾತನಾಡಬೇಡಿ, ಈ ಸಲದ ಫೋಟೊವನ್ನು ಜಗಲಿಯಲ್ಲಿ ತೆಗೆಯಲೂ ಬೇಡಿ.